ಸಾಲದ ಪುಸ್ತಕದಲ್ಲಿ ಬರೆದಿದ್ದ ಕಾಯಿಲೆ
(ಚಳ್ಳಕೆರೆ–ಮೊಳಕಾಲ್ಮೂರು ತಾಲ್ಲೂಕುಗಳ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಬೆಳಿಗ್ಗೆಯಿಂದ ಉಳಿತಾಯ, ಬ್ಯಾಂಕಿನ ಸಾಲ, ಕಂತು ಬಾಕಿ ಇದೇ ಮಾತು ಆಯಿತು. ಈಗ ಬೇರೆ ಮಾತು. ಟೀ ತಂದ ಹುಡುಗರು, ಟೆಂಪೋ ಡ್ರೈವರಣ್ಣ ಎಲ್ಲರೂ ಹೊರಗೆ ಬೇವಿನ ಮರದ ನೆರಳಿಗೆ ಹೋಗಿದ್ದಾರೆ. ಬಾಗಿಲು ಹಾಕಿದೆ. ಇಲ್ಲಿ ಇರೋದು ನಾವು ಹೆಂಗಸರೇ. ಹಾಗಾಗಿ ಮುಚ್ಚುಮರೆ ಇಲ್ಲದೆ ಮಾತಾಡೋಣ.

ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಬಿಡುತ್ತೇವೆ.

ಕೆಲವು ವರ್ಷದ ಕೆಳಗೆ ಮೊಳಕಾಲ್ಮೂರು ಕಡೆಯ ಒಂದು ಸಂಘದ ಪುಸ್ತಕ ನೋಡೋಕೆ ಹೋಗಿದ್ದೆವು. ಲೆಕ್ಕ ಚೊಕ್ಕಟವಾಗಿತ್ತು. ಒಬ್ಬ ಸದಸ್ಯೆ ಹೆಸರಲ್ಲಿ ಒಂದೇ ವರ್ಷದಲ್ಲಿ ಮೂರು ಸಾಲ. ಮೊದಲು 2,000, ಆಮೇಲೆ 5,000, ಆಮೇಲೆ 15,000. ಮೂರಕ್ಕೂ ಕಾರಣದ ಜಾಗದಲ್ಲಿ ಒಂದೇ ಮಾತು: "ಆರೋಗ್ಯಕ್ಕೆ". ನಾವು ಕಂತು ಸರಿಯಾಗಿ ಬರುತ್ತಿದೆಯಾ ಅಂತ ನೋಡಿದೆವು. ಬಡ್ಡಿ ಲೆಕ್ಕ ಕೂಡಿಸಿದೆವು. ಕೆಂಪು ಪೆನ್ನಲ್ಲಿ ಸಹಿ ಹಾಕಿ, ಕೊಟ್ಟ ಮಜ್ಜಿಗೆ ಕುಡಿದು ಬಂದುಬಿಟ್ಟೆವು. "ಏನಮ್ಮಾ ನಿನಗೆ ಆರೋಗ್ಯ ಸರಿ ಇಲ್ವಾ?" ಅಂತ ಒಂದು ಮಾತು ಕೇಳಲಿಲ್ಲ. ಸಮಾಜ ಕಾರ್ಯದಲ್ಲಿ ಎಂ.ಎ. ಓದಿದವರು ನಾವು!

ಆ ತಾಯಿಗೆ ಆಗ 47 ವರ್ಷ. ರೇಷ್ಮೆ ಸೀರೆ ನೇಯುವ ಮನೆಗೆ ಕಂಡಿಕೆ ಸುತ್ತಿ ಕೊಡುತ್ತಿದ್ದರು. ಮೂವರು ಹೆಣ್ಣುಮಕ್ಕಳು. ಮುಟ್ಟು ನಿಂತು ಎರಡು ವರ್ಷ ಆಗಿತ್ತು, ಮತ್ತೆ ಬಟ್ಟೆ ಕಾಣಿಸೋಕೆ ಶುರುವಾಯಿತು. "ಮತ್ತೆ ಮುಟ್ಟಾಗ್ತಿದೀನಿ ಸಿಸ್ಟರ್, ಮೈಯಲ್ಲಿ ಇನ್ನೂ ಶಕ್ತಿ ಐತೆ ಅಂದ್ಕೊಂಡೆ" ಅಂತ ನಗುತ್ತಲೇ ಆಮೇಲೆ ಹೇಳಿದರು. ಬಿಳಿ ಸೆರಗು ಹೋಗುತ್ತಿತ್ತು, ವಾಸನೆ ಬರುತ್ತಿತ್ತು. ಊರಿನ ಡಾಕ್ಟರ ಹತ್ತಿರ ಇಂಜೆಕ್ಷನ್, ಮಾತ್ರೆ. ಅದು ಮೊದಲ ಸಾಲ. ಆಮೇಲೆ ಬೇರೆ ಊರಿನ ನರ್ಸಿಂಗ್ ಹೋಂ, ಸ್ಕ್ಯಾನಿಂಗ್. ಅದು ಎರಡನೆಯದು. ಸಂಘದ ಸಭೆಗೆ ಬರೋದು ಕಡಿಮೆ ಮಾಡಿದರು. ಬಂದರೂ ಬಾಗಿಲ ಹತ್ತಿರ ದೂರ ಕೂರುತ್ತಿದ್ದರು. ಸಾಲ ಹೆಚ್ಚಾಯಿತಲ್ಲ, ನಾಚಿಕೆ ಇರಬೇಕು ಅಂತ ಜೊತೆಯವರು ಅಂದುಕೊಂಡರು. ವಾಸನೆ ಯಾರಿಗೂ ಬರಬಾರದು ಅಂತ ದೂರ ಕೂರುತ್ತಿದ್ದರು ಅನ್ನೋದು ಆಮೇಲೆ ಗೊತ್ತಾಯಿತು. ಇಷ್ಟೂ ದಿನದಲ್ಲಿ ಒಬ್ಬರೇ ಒಬ್ಬರು ಅವರನ್ನು ಮಲಗಿಸಿ ಒಳಗೆ ನೋಡಿರಲಿಲ್ಲ. ನೋಡಿದಾಗ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಮೂರನೇ ಹಂತ ದಾಟಿತ್ತು. ನಾವು ಸಹಿ ಹಾಕಿ ಬಂದ ಏಳು ತಿಂಗಳಿಗೆ ತೀರಿಹೋದರು. ಊರಲ್ಲಿ "ಕಿಡ್ನಿ ಫೇಲಾಗಿ ಸತ್ತಳು" ಅಂದರು.

ಆ ಮಾತು ಸುಳ್ಳಲ್ಲ. ಗರ್ಭಕೋಶದ ಬಾಯಿಯ ಗಂತಿ ದೊಡ್ಡದಾದರೆ ಪಕ್ಕದಲ್ಲೇ ಇರುವ ಮೂತ್ರದ ನಾಳಗಳನ್ನು ಒತ್ತಿಬಿಡುತ್ತದೆ. ಮೂತ್ರ ಇಳಿಯುವುದಿಲ್ಲ, ಕಿಡ್ನಿ ಕೆಡುತ್ತದೆ, ಮುಖ ಕಾಲು ಊದಿಕೊಳ್ಳುತ್ತವೆ. ಈ ಕ್ಯಾನ್ಸರಿನಿಂದ ಸಾಯುವ ಬಹಳ ಹೆಂಗಸರು ಕೊನೆಗೆ ಹೀಗೇ ಸಾಯುತ್ತಾರೆ. ಇನ್ನು ಕೆಲವರು ರಕ್ತ ಹೋಗಿ ಹೋಗಿ, ಮೈಯಲ್ಲಿ ರಕ್ತವೇ ಇಲ್ಲದೆ. ಹೀಗಾಗಿ "ಕಿಡ್ನಿ", "ರಕ್ತ ಕಡಿಮೆ", "ಸೊರಗಿ ಸೊರಗಿ ಹೋದಳು" ಅನ್ನೋ ಸಾವುಗಳ ಹಿಂದೆ ಈ ಕಾಯಿಲೆ ಅಡಗಿ ಕೂತಿರುತ್ತದೆ. ಮನೆಯಲ್ಲೇ ಪ್ರಾಣ ಹೋದರೆ ಕಾರಣ ಬರೆದುಕೊಳ್ಳುವವರು ಯಾರು? ನಿಮ್ಮ ನಿಮ್ಮ ಊರಿನಲ್ಲಿ ಹತ್ತು ವರ್ಷದಲ್ಲಿ ತೀರಿಕೊಂಡ ನಲವತ್ತೈದು, ಐವತ್ತೈದರ ಹೆಂಗಸರನ್ನು ಒಮ್ಮೆ ನೆನೆಸಿಕೊಳ್ಳಿ. ನಾವು ಸುಮ್ಮನಿರುತ್ತೇವೆ, ಒಂದು ನಿಮಿಷ ನೆನೆಸಿಕೊಳ್ಳಿ.

ಲೆಕ್ಕ ಇಟ್ಟಿರುವ ಕಡೆ ಏನು ಹೇಳುತ್ತದೆ ನೋಡೋಣ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯವರು 1982ರಿಂದ ಆ ನಗರದ ಕ್ಯಾನ್ಸರ್ ರೋಗಿಗಳನ್ನು ಒಬ್ಬೊಬ್ಬರಾಗಿ ದಾಖಲು ಮಾಡುತ್ತಾ ಬಂದಿದ್ದಾರೆ. ಆಗ ಬೆಂಗಳೂರಿನ ಹೆಂಗಸರಲ್ಲಿ ಮೊದಲನೇ ಸ್ಥಾನ ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ. ಈಗ ಅಲ್ಲಿ ಸ್ತನದ ಕ್ಯಾನ್ಸರ್ ಮುಂದೆ ಬಂದಿದೆ, ಇದು ಎಷ್ಟೋ ಇಳಿದಿದೆ. ಹೇಗೆ ಇಳಿಯಿತು? ಯಾವ ದೊಡ್ಡ ಔಷಧಿಯಿಂದಲೂ ಅಲ್ಲ. ಹೆಣ್ಣುಮಕ್ಕಳ ಮದುವೆ ತಡವಾಯಿತು, ಹೆರಿಗೆ ಕಡಿಮೆಯಾಯಿತು, ಓದು ಬಂತು, ನೀರು ಬಚ್ಚಲು ಮನೆ ಆದವು, ತೊಂದರೆ ಅನಿಸಿದರೆ ತೋರಿಸಿಕೊಳ್ಳುವ ಧೈರ್ಯ ಬಂತು. ನಮ್ಮ ಕಡೆಗೆ ಇವೆಲ್ಲ ನಿಧಾನವಾಗಿ ಬರುತ್ತಿವೆ. ಇಲ್ಲಿ ಕೂತಿರುವವರಲ್ಲಿ ಹದಿನಾರು ದಾಟುವ ಮೊದಲೇ ಮದುವೆಯಾದವರು ಕೈ ಎತ್ತಿ ಅಂದರೆ ಎಷ್ಟು ಕೈ ಏಳುತ್ತವೆ ಅನ್ನೋದು ನಿಮಗೂ ಗೊತ್ತು, ನಮಗೂ ಗೊತ್ತು.

ಇಡೀ ದೇಶದ ಅಂದಾಜು ಹೇಳುವುದಾದರೆ, 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 1,27,000 ಹೆಂಗಸರಿಗೆ ಹೊಸದಾಗಿ ಈ ಕ್ಯಾನ್ಸರ್ ಬಂತು, ಸುಮಾರು 80,000 ಜನ ಸತ್ತರು. ಅಂದರೆ ಎಂಟು ಜನಕ್ಕೆ ಕಾಯಿಲೆ ಅಂತ ಗೊತ್ತಾಗುವಷ್ಟರಲ್ಲಿ ಐದು ಜನರ ಸಾವು. ಪ್ರಪಂಚದಲ್ಲೆಲ್ಲ ಸೇರಿ ಆ ವರ್ಷ ಸತ್ತವರು ಸುಮಾರು 3,50,000. ಅದರಲ್ಲಿ ಹೆಚ್ಚಿನವರು ನಮ್ಮಂಥ ಬಡ ದೇಶಗಳವರೇ. ಶ್ರೀಮಂತ ದೇಶಗಳಲ್ಲಿ ಐವತ್ತು ಅರವತ್ತು ವರ್ಷದಿಂದ ಪ್ಯಾಪ್ ಪರೀಕ್ಷೆ ಮಾಡಿಸಿ ಮಾಡಿಸಿ ಈ ಸಾವನ್ನು ಬಹಳ ಇಳಿಸಿಬಿಟ್ಟಿದ್ದಾರೆ. ನಮಗೆ ಬೇಸರ ಆಗೋದು ಇದಕ್ಕೇ. ಯಾರಿಗೂ ಮದ್ದು ತಿಳಿಯದ ಕಾಯಿಲೆ ಆಗಿದ್ದರೆ ದೇವರಿಟ್ಟ ಹಾಗಾಗಲಿ ಅನ್ನಬಹುದಿತ್ತು.

ಕಾಯಿಲೆ ಬರೋದು ಹೇಗೆ ಅಂತ ತಿಳಿದರೆ ಅರ್ಧ ಭಯ ಹೋಗುತ್ತದೆ. ಎಚ್.ಪಿ.ವಿ. ಅನ್ನುವ ಒಂದು ವೈರಸ್ ಇದೆ. ಇದನ್ನು ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಹುಮಾನ ಸಿಕ್ಕಿತು. ಗಂಡ ಹೆಂಡತಿ ಸೇರಿದಾಗ ಅದು ಒಬ್ಬರಿಂದ ಒಬ್ಬರಿಗೆ ಬರುತ್ತದೆ. ನೆಗಡಿಯಷ್ಟೇ ಸಾಮಾನ್ಯ ಅನ್ನಬಹುದು, ಮದುವೆಯಾದ ಹೆಚ್ಚಿನ ಹೆಂಗಸರಿಗೆ ಯಾವಾಗಲಾದರೂ ಒಮ್ಮೆ ಬಂದೇ ಇರುತ್ತದೆ, ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗಿಯೂ ಬಿಟ್ಟಿರುತ್ತದೆ. ಕೆಲವರಲ್ಲಿ ಮಾತ್ರ ಹೋಗದೆ ಗರ್ಭಕೋಶದ ಬಾಯಿಯಲ್ಲೇ ಉಳಿದು, ಅಲ್ಲಿನ ಚರ್ಮವನ್ನು ನಿಧಾನವಾಗಿ ಕೆಡಿಸುತ್ತದೆ. ಕೆಟ್ಟ ಚರ್ಮ ಕ್ಯಾನ್ಸರ್ ಆಗೋಕೆ ಹತ್ತು ವರ್ಷ, ಹದಿನೈದು ವರ್ಷ, ಕೆಲವೊಮ್ಮೆ ಇಪ್ಪತ್ತು ವರ್ಷ ಬೇಕು.

ಇಲ್ಲಿ ಎರಡು ಮಾತು ಗಟ್ಟಿಯಾಗಿ ಹೇಳಬೇಕು. ಈ ಕಾಯಿಲೆ ಬಂದವಳ ನಡತೆ ಸರಿ ಇಲ್ಲ ಅನ್ನೋದು ಶುದ್ಧ ಸುಳ್ಳು. ಜೀವನ ಪೂರ್ತಿ ಒಬ್ಬ ಗಂಡನ ಜೊತೆ ಬಾಳಿದವಳಿಗೂ ಬರುತ್ತದೆ. ಗಂಡನ ಮೈಯಲ್ಲಿ ವೈರಸ್ ಸುಮ್ಮನೆ ಇರುತ್ತದೆ, ಅವನಿಗೆ ಗೊತ್ತೂ ಆಗೋದಿಲ್ಲ. ಇನ್ನೊಂದು, ಇದು ಮುಟ್ಟಿದರೆ, ಜೊತೆಯಲ್ಲಿ ಊಟ ಮಾಡಿದರೆ ಅಂಟುವ ಕಾಯಿಲೆ ಅಲ್ಲ. ಕಾಯಿಲೆ ಆದ ಅತ್ತೆಗೆ ತಟ್ಟೆ ಲೋಟ ಬೇರೆ ಇಟ್ಟ ಮನೆಗಳನ್ನು ನಾವು ನೋಡಿದ್ದೇವೆ.

ಎಳೆ ವಯಸ್ಸಿನಲ್ಲಿ ಮದುವೆಯಾದವರಿಗೆ, ಬಹಳ ಹೆರಿಗೆ ಆದವರಿಗೆ, ಬೀಡಿ ಸೇದುವವರಿಗೆ ಅಪಾಯ ಹೆಚ್ಚು. ಎ.ಆರ್.ಟಿ. ಮಾತ್ರೆ ತೆಗೆದುಕೊಳ್ಳುವ ಹೆಂಗಸರಿಗೆ ಆರು ಪಟ್ಟು ಹೆಚ್ಚು. ಅವರು ಮೂವತ್ತು ಆಗಲಿ ಅಂತ ಕಾಯಬಾರದು, 25ರಿಂದಲೇ ಪರೀಕ್ಷೆ ಮಾಡಿಸಬೇಕು. ಇದನ್ನು ಎಲ್ಲರ ಮುಂದೆ ಯಾರೂ ಹೇಳಿಕೊಳ್ಳೋದು ಬೇಡ, ಕೇಳಿಸಿಕೊಂಡರೆ ಸಾಕು.

ಕೆಡುವುದಕ್ಕೆ ಹತ್ತು ವರ್ಷ ಬೇಕು ಅಂದೆವಲ್ಲ, ನಮ್ಮ ಅದೃಷ್ಟ ಇರೋದು ಅಲ್ಲೇ. ಶೇಂಗಾ ಗಿಡಕ್ಕೆ ರೋಗ ಬಿದ್ದರೆ ಒಂದು ವಾರದಲ್ಲಿ ಹೊಲ ಹೋಗುತ್ತದೆ. ಇದು ಹಾಗಲ್ಲ. ಆ ಹತ್ತು ವರ್ಷದಲ್ಲಿ ಒಂದು ಸಲ ಇಣುಕಿ ನೋಡಿದರೂ ಸಿಕ್ಕಿಬೀಳುತ್ತದೆ.

ನೋಡುವುದು ಹೇಗೆ? ವಿ.ಐ.ಎ. ಅಂತ ಒಂದು ಪರೀಕ್ಷೆ. ಹೆಸರು ಇಂಗ್ಲಿಷಿನದಾದರೂ ಕೆಲಸ ಸುಲಭ. ಮಂಚದ ಮೇಲೆ ಮೊಣಕಾಲು ಮಡಚಿ ಮಲಗಬೇಕು, ಹೆರಿಗೆಗೆ ಮಲಗಿದ ಹಾಗೆ. ಮೇಲೆ ಬಟ್ಟೆ ಹೊದಿಸಿರುತ್ತಾರೆ. ಒಂದು ಸಣ್ಣ ಉಪಕರಣ ಇಟ್ಟು ಒಳಗೆ ಬೆಳಕು ಬಿಟ್ಟು ನೋಡುತ್ತಾರೆ. ಉಪ್ಪಿನಕಾಯಿಗೆ ಹಾಕುವ ವಿನೆಗರ್ ಇದೆಯಲ್ಲ, ಅದೇ ಜಾತಿಯ ತೆಳು ಹುಳಿ ನೀರನ್ನು ಹತ್ತಿಯಲ್ಲಿ ಅದ್ದಿ ಗರ್ಭಕೋಶದ ಬಾಯಿಗೆ ಹಚ್ಚುತ್ತಾರೆ. ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಚರ್ಮ ಇದ್ದರೆ ಅಲ್ಲಿ ಬಿಳಿ ಮಚ್ಚೆ ಏಳುತ್ತದೆ. ಇಲ್ಲದಿದ್ದರೆ ಇಲ್ಲ. ಕೊಯ್ಯೋದಿಲ್ಲ, ಸೂಜಿ ಇಲ್ಲ. ಸ್ವಲ್ಪ ಚುರುಚುರು ಅನ್ನಬಹುದು. ಐದು ನಿಮಿಷದಲ್ಲಿ ಎದ್ದು ಬರಬಹುದು, ಫಲಿತಾಂಶ ಅಲ್ಲೇ ಹೇಳುತ್ತಾರೆ. ಮುಟ್ಟಿನ ದಿನಗಳಲ್ಲಿ ಮಾತ್ರ ಹೋಗಬಾರದು. ಬಿಳಿ ಮಚ್ಚೆ ಕಂಡಿತು ಅಂದರೆ ಕ್ಯಾನ್ಸರ್ ಅಂತ ಅಲ್ಲ, ಹೆಚ್ಚಿನ ಸಲ ಅದು ಕ್ಯಾನ್ಸರ್ ಆಗಿರುವುದಿಲ್ಲ. ಮುಂದಿನ ಪರೀಕ್ಷೆ ಮಾಡಿ, ಬೇಕಾದರೆ ಆ ಜಾಗವನ್ನು ಬಿಸಿ ಮಾಡಿಯೋ ತಣ್ಣಗೆ ಮಾಡಿಯೋ ಸುಟ್ಟುಬಿಡುತ್ತಾರೆ. ಗರ್ಭಕೋಶ ತೆಗೆಯೋದೇ ಬೇಡ.

ಹಾಗೆ ಚಿಕಿತ್ಸೆ ಆದವರು ಚಳ್ಳಕೆರೆ ಕಡೆಯ ಒಬ್ಬರು ಈ ಸಭೆಯಲ್ಲೇ ಕೂತಿದ್ದಾರೆ. ಒಂದು ವಾರದ ಮೇಲೆ ಶೇಂಗಾ ಬಿಡಿಸೋಕೆ ಹೋದರು. ಯಾರು ಅಂತ ನಾವು ಹೇಳೋದಿಲ್ಲ, ನೀವೂ ತಿರುಗಿ ತಿರುಗಿ ನೋಡಬೇಡಿ!

ಇಷ್ಟು ಸಣ್ಣ ಪರೀಕ್ಷೆಯಿಂದ ಸಾವು ಕಡಿಮೆ ಆಗುತ್ತದಾ ಅಂತ ಕೇಳಬಹುದು. ಮುಂಬೈ ಕೊಳೆಗೇರಿಗಳಲ್ಲಿ ಟಾಟಾ ಆಸ್ಪತ್ರೆಯವರು ಒಂದೂವರೆ ಲಕ್ಷ ಹೆಂಗಸರನ್ನು ಹನ್ನೆರಡು ವರ್ಷ ಹಿಂಬಾಲಿಸಿ ನೋಡಿದರು. ಈ ಹುಳಿ ನೀರಿನ ಪರೀಕ್ಷೆ ಮಾಡಿದವರು ಡಾಕ್ಟರುಗಳಲ್ಲ. ಹತ್ತನೇ ಕ್ಲಾಸು ಓದಿದ ಹೆಣ್ಣುಮಕ್ಕಳು, ನಾಲ್ಕು ವಾರದ ತರಬೇತಿ ಅಷ್ಟೇ. ಪರೀಕ್ಷೆ ಆದ ಗುಂಪಿನಲ್ಲಿ ಸಾವು ನೂರಕ್ಕೆ 31ರಷ್ಟು ಕಡಿಮೆ ಆಯಿತು. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಹಳ್ಳಿಗಳಲ್ಲೂ ಇದೇ ಪರೀಕ್ಷೆಯಿಂದ ಮೂರನೇ ಒಂದು ಭಾಗ ಸಾವು ಇಳಿಯಿತು.

ನಮ್ಮ ಬೀದರ್, ಕಲಬುರಗಿ ಗಡಿಯ ಆಚೆ ಉಸ್ಮಾನಾಬಾದ್ ಜಿಲ್ಲೆ ಇದೆ, ಈಗ ಧಾರಾಶಿವ ಅನ್ನುತ್ತಾರೆ. ನಮ್ಮ ಹಾಗೇ ಮಳೆ ಇಲ್ಲದ ಸೀಮೆ. ಅಲ್ಲಿ 1,31,746 ಹೆಂಗಸರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಎಚ್.ಪಿ.ವಿ. ವೈರಸ್ ಇದೆಯೋ ಇಲ್ಲವೋ ನೋಡುವ ಪರೀಕ್ಷೆ, ಜೀವನದಲ್ಲಿ ಒಂದೇ ಒಂದು ಸಲ. ಎಂಟು ವರ್ಷದಲ್ಲಿ ಆ ಗುಂಪಿನ 34,126 ಜನರಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34. ಪರೀಕ್ಷೆ ಇಲ್ಲದ 31,488 ಜನರಲ್ಲಿ ಸತ್ತವರು 64. 2009ರಲ್ಲಿ ಇದು ಪ್ರಕಟವಾದಾಗ ಪ್ರಪಂಚವೇ ಒಪ್ಪಿತು. ಆ ಅಧ್ಯಯನದಲ್ಲಿ ಹುಳಿ ನೀರಿನ ಪರೀಕ್ಷೆಗೆ ಅಷ್ಟು ಒಳ್ಳೆಯ ಫಲ ಸಿಗಲಿಲ್ಲ ಅನ್ನೋದನ್ನೂ ಹೇಳಬೇಕು, ಮಾಡುವವರ ಕೈ ಮತ್ತು ಕಣ್ಣಿನ ಮೇಲೆ ಅದು ನಿಂತಿದೆ. ವೈರಸ್ ಪರೀಕ್ಷೆಯೇ ಹೆಚ್ಚು ನಂಬಿಕೆಯದು. ಅದರ ಮಾದರಿಯನ್ನು ಹೆಂಗಸರು ತಾವೇ ಬಚ್ಚಲಿಗೆ ಹೋಗಿ ತೆಗೆದುಕೊಡಲೂ ಬಹುದು, ಆದರೆ ಬೆಲೆ ಜಾಸ್ತಿ. ಆ 64 ಜನರ ವಿಷಯ ಮಾತ್ರ ನಮಗೆ ಓದಿದಾಗಲೆಲ್ಲ ಚುಚ್ಚುತ್ತದೆ. ಹೋಲಿಸಿ ನೋಡುವುದಕ್ಕಾಗಿ ಅಷ್ಟೊಂದು ಹೆಣ್ಣುಮಕ್ಕಳನ್ನು ಪರೀಕ್ಷೆ ಮಾಡದೆ ಬಿಟ್ಟಿದ್ದು ಸರಿಯಾ ಅಂತ ಆಮೇಲೆ ದೊಡ್ಡ ವಾದವೇ ನಡೆಯಿತು. ಅವರ ಸಾವಿನಿಂದ ಕಲಿತದ್ದನ್ನು ನಾವು ಬಳಸದೇ ಇದ್ದರೆ ಅದಕ್ಕಿಂತ ಅನ್ಯಾಯ ಇಲ್ಲ.

ಈಗ ನಾವು ಎಲ್ಲಿದ್ದೇವೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನ ಹೆಂಗಸರನ್ನು, ಈ ಪರೀಕ್ಷೆ ಒಮ್ಮೆಯಾದರೂ ಆಗಿದೆಯಾ ಅಂತ ಕೇಳಿದರು. ದೇಶದಲ್ಲಿ ಹೌದು ಅಂದವರು ನೂರಕ್ಕೆ ಎರಡು ಜನರೂ ಇಲ್ಲ. ಕರ್ನಾಟಕದಲ್ಲಿ ಅದಕ್ಕಿಂತಲೂ ಕಡಿಮೆ. ಪಕ್ಕದ ತಮಿಳುನಾಡಿನಲ್ಲಿ ಹತ್ತರ ಹತ್ತಿರ. 2016ರಿಂದಲೇ ಸರ್ಕಾರದ ನಿಯಮ ಇದೆ: 30 ದಾಟಿದ ಪ್ರತಿ ಹೆಂಗಸಿಗೆ ಐದು ವರ್ಷಕ್ಕೊಮ್ಮೆ, ಬಿಟ್ಟಿಯಾಗಿ. ಆಶಾ ಕಾರ್ಯಕರ್ತೆ ಮನೆಗೆ ಬಂದು ಒಂದು ಫಾರಂ ತುಂಬಬೇಕು. ಆ ಫಾರಂನಲ್ಲಿ ಬಿಳಿ ಸೆರಗು, ಮುಟ್ಟು ನಿಂತ ಮೇಲೆ ರಕ್ತ, ಎಲ್ಲದರ ಪ್ರಶ್ನೆ ಇದೆ. ಹೊರಗೆ ಜಗುಲಿಯಲ್ಲಿ ಮಾವನ ಎದುರಿಗೆ ನಿಂತು ಕೇಳಿದರೆ ಯಾವ ಸೊಸೆ "ಹೂಂ" ಅನ್ನುತ್ತಾಳೆ? ಎಲ್ಲದಕ್ಕೂ "ಇಲ್ಲ, ಇಲ್ಲ" ಅಂತ ಬರೆಸಿ ಕಳಿಸುತ್ತಾಳೆ. ಆಶಾ ಬಂದರೆ ಒಳಗೆ ಕರೆದು ಕೂರಿಸಿ, ನಿಜ ಹೇಳಿ.

ನಿಮ್ಮ ಕಷ್ಟಗಳು ನಮಗೆ ಗೊತ್ತಿಲ್ಲ ಅಂತಲ್ಲ. "ಗಂಡಸು ಡಾಕ್ಟರ್ ಇದ್ದರೆ?" "ಕೂಲಿ ಹೋಗುತ್ತೆ ಸಿಸ್ಟರ್." "ನನಗೇನೂ ಆಗಿಲ್ಲವಲ್ಲ, ಯಾಕೆ ತೋರಿಸಲಿ?" ಒಬ್ಬ ಅಜ್ಜಿ ಹೇಳಿದ್ದು: "ಆರು ಹೆತ್ತೀನಿ, ನನ್ನ ಗಂಡನೂ ಆ ಜಾಗ ಬೆಳಕಲ್ಲಿ ನೋಡಿಲ್ಲ, ನರಸಮ್ಮಗೆ ತೋರಿಸ್ಲಾ?" ಎಲ್ಲರೂ ನಕ್ಕೆವು. ಅಜ್ಜಿ ಕೊನೆಗೂ ಹೋಗಲಿಲ್ಲ. ನಾಚಿಕೆ ಸುಳ್ಳಲ್ಲ. ಚಿಕ್ಕಂದಿನಿಂದ ಮುಟ್ಟಾದರೆ ದೂರ ಕೂರಿಸಿ, ಆ ಬಟ್ಟೆಯನ್ನು ಯಾರ ಕಣ್ಣಿಗೂ ಬೀಳದ ಹಾಗೆ ಒಣಗಿಸಿ ಬೆಳೆದವರು ನಾವು. ಹಟ್ಟಿಯ ಹೊರಗಿನ ಗುಡಿಸಲಲ್ಲಿ ಮೂರು ದಿನ ಇದ್ದು ಬಂದವರೂ ಇಲ್ಲಿದ್ದೀರಿ. ಆ ಜಾಗದ ಕಾಯಿಲೆಯ ಮಾತು ಬಾಯಿಗೆ ಬರೋದು ಕಷ್ಟವೇ. ಒಬ್ಬೊಬ್ಬರೇ ಹೋಗೋಕೆ ಆಗದಿದ್ದರೆ ಹತ್ತು ಜನ ಸೇರಿ ಹೋಗಿ ಅಂತ ನಾವು ಹೇಳೋದು ಅದಕ್ಕೇ. ಬ್ಯಾಂಕಿನ ಮ್ಯಾನೇಜರ್ ಮುಂದೆ ಒಬ್ಬರೇ ನಿಲ್ಲೋಕೆ ಹೆದರುತ್ತಿದ್ದ ಕಾಲ ಇತ್ತಲ್ಲ!

ಪರೀಕ್ಷೆಗೆ ಕಾಯದೆ ನೇರ ಡಾಕ್ಟರ ಹತ್ತಿರ ಹೋಗಬೇಕಾದ ಸಂದರ್ಭಗಳಿವೆ. ಮುಟ್ಟು ನಿಂತು ಒಂದು ವರ್ಷ ಆದ ಮೇಲೆ ಒಂದು ಹನಿ ರಕ್ತ ಕಂಡರೂ. ಗಂಡನ ಜೊತೆ ಸೇರಿದ ಮೇಲೆ ರಕ್ತ ಕಂಡರೆ. ಎರಡು ಮುಟ್ಟಿನ ನಡುವೆ ಕಂಡರೆ. ವಾಸನೆಯ ಬಿಳಿ ಸೆರಗು ಮಾತ್ರೆಗೂ ನಿಲ್ಲದಿದ್ದರೆ. ಆಗ "ಮಾತ್ರೆ ಕೊಡಿ" ಅನ್ನಬೇಡಿ, "ಒಳಗೆ ಪರೀಕ್ಷೆ ಮಾಡಿ ನೋಡಿ" ಅಂತ ಕೇಳಿ. ಕೇಳೋದು ನಿಮ್ಮ ಹಕ್ಕು. ಬಿಳಿ ಸೆರಗು ಅಂತ ಹೇಳಿದ ಕೂಡಲೇ "ಗರ್ಭಕೋಶ ತೆಗೆಸಿಬಿಡಿ, ಇಲ್ಲದಿದ್ದರೆ ಕ್ಯಾನ್ಸರ್ ಆಗುತ್ತೆ" ಅಂತ ಹೆದರಿಸಿದರೆ ಆಪರೇಷನ್‌ಗೆ ಒಪ್ಪಬೇಡಿ, ಜಿಲ್ಲಾ ಆಸ್ಪತ್ರೆಯಲ್ಲಿ ಇನ್ನೊಬ್ಬ ಹೆಂಗಸರ ಡಾಕ್ಟರಿಗೆ ತೋರಿಸಿ. ಮೂವತ್ತೈದಕ್ಕೆ ಗರ್ಭಕೋಶ ತೆಗೆಸಿಕೊಂಡು ಸೊಂಟ ನೋವು, ಮೂಳೆ ನೋವು ಅಂತ ನರಳುವವರು ನಮ್ಮ ಸಂಘಗಳಲ್ಲೇ ಎಷ್ಟು ಜನ ಇದ್ದೀರಿ.

ಕ್ಯಾನ್ಸರ್ ಅಂತಲೇ ಆದರೂ ಸಾವಿನ ಚೀಟಿ ಅಲ್ಲ. ಮೊದಲ ಹಂತದಲ್ಲಿ ಸಿಕ್ಕಿದರೆ ಹತ್ತರಲ್ಲಿ ಎಂಟು ಒಂಬತ್ತು ಜನ ಐದು ವರ್ಷ ದಾಟುತ್ತಾರೆ. ಕೊನೆಯ ಹಂತದಲ್ಲಾದರೆ ಒಬ್ಬರೋ ಇಬ್ಬರೋ. ನಡುವಿನ ಹಂತದವರಿಗೆ ಸುಮಾರು ಐದು ವಾರ ಕರೆಂಟು ಕೊಡುತ್ತಾರೆ, ಜೊತೆಗೆ ವಾರಕ್ಕೊಮ್ಮೆ ಔಷಧಿ, ಆಮೇಲೆ ಒಳಗಿನಿಂದ ಕೊಡುವ ಕರೆಂಟು. ಇದನ್ನು ನಡುವೆ ಬಿಡಬಾರದು. ಕರೆಂಟು ನಾಲ್ಕು ವಾರ ಆದ ಮೇಲೆ ರಕ್ತ ನಿಲ್ಲುತ್ತದೆ, "ವಾಸಿಯಾಯಿತು" ಅಂತ ಕಳೆ ತೆಗೆಯೋಕೆ ಊರಿಗೆ ಬಂದುಬಿಡುತ್ತಾರೆ, ಆಮೇಲೆ ಮರುಕಳಿಸಿದರೆ ಮತ್ತೆ ಕರೆಂಟು ಕೊಡೋದು ಕಷ್ಟ. ಬಿ.ಪಿ.ಎಲ್. ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ರೇಷನ್ ಕಾರ್ಡು, ಆಧಾರ್, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಕೈಯಲ್ಲಿರಲಿ. ಬಸ್ಸಿಗೆ 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣ ಇಲ್ಲ. ಬೆಂಗಳೂರಲ್ಲಿ ಐದು ವಾರ ಜೊತೆಗಿರುವವರು ಯಾರು, ಮನೆಯಲ್ಲಿ ರೊಟ್ಟಿ ಬಡಿಯುವವರು ಯಾರು ಅನ್ನೋದೇ ದೊಡ್ಡ ಪ್ರಶ್ನೆ. ಆ ತಾಯಿಗೂ ಅದೇ ಆಗಿತ್ತು. ಸಂಘದವರು ಸರದಿ ಹಾಕಿಕೊಂಡು ಹೋಗೋಕೆ ತಯಾರಾದರು, ಅಷ್ಟರಲ್ಲಿ ಕಾಲ ಮೀರಿತ್ತು.

ಹೆಣ್ಣುಮಕ್ಕಳ ಲಸಿಕೆ ಬಗ್ಗೆ ಎರಡು ಮಾತು. ಈ ವೈರಸ್ಸಿಗೆ ಲಸಿಕೆ ಇದೆ. 9ರಿಂದ 14 ವಯಸ್ಸಿನಲ್ಲಿ, ಮದುವೆಗೆ ಬಹಳ ಮೊದಲೇ ಹಾಕಬೇಕು. ಸಿಕ್ಕಿಂನಲ್ಲಿ 2018ರಲ್ಲಿ ಶಾಲೆಗಳಲ್ಲೇ ನೂರಕ್ಕೆ 95ಕ್ಕಿಂತ ಹೆಚ್ಚು ಹುಡುಗಿಯರಿಗೆ ಹಾಕಿದರು. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್‌ಗೆ 2022ರಲ್ಲಿ ಅನುಮತಿ ಸಿಕ್ಕಿತು. ಸ್ಕಾಟ್ಲೆಂಡಿನಲ್ಲಿ 12, 13ನೇ ವಯಸ್ಸಿಗೆ ಲಸಿಕೆ ಪೂರ್ತಿ ಪಡೆದ ಹುಡುಗಿಯರಲ್ಲಿ ಒಬ್ಬರಿಗೂ ಈ ಕ್ಯಾನ್ಸರ್ ಬಂದಿಲ್ಲ ಅಂತ 2024ರಲ್ಲಿ ವರದಿ ಬಂತು. ಆಂಧ್ರದ ಕಡೆ ಸಂಬಂಧ ಇರುವ ನಿಮ್ಮಲ್ಲಿ ಕೆಲವರು "ಖಮ್ಮಂ ಕಡೆ ಲಸಿಕೆ ಹಾಕಿ ಹುಡುಗಿಯರು ಸತ್ತರಂತೆ" ಅಂತ ಕೇಳಿದ್ದೀರಿ. 2009ರಲ್ಲಿ ಅಲ್ಲಿ ಒಂದು ಪ್ರಯೋಗ ನಡೆದದ್ದು ನಿಜ, ತಂದೆ ತಾಯಿಯನ್ನು ಸರಿಯಾಗಿ ಕೇಳದೆ ಹಾಸ್ಟೆಲ್ ವಾರ್ಡನ್ ಸಹಿಯಲ್ಲೇ ಹಾಕಿದ್ದು ದೊಡ್ಡ ತಪ್ಪು, 2010ರಲ್ಲಿ ಅದನ್ನು ನಿಲ್ಲಿಸಿದರು. ವಿಚಾರಣೆಯಲ್ಲಿ ಆ ಸಾವುಗಳಿಗೆ ಲಸಿಕೆ ಕಾರಣ ಅಂತ ಕಂಡುಬರಲಿಲ್ಲ. ನೀವು ಕೇಳಿ, ತಿಳಿದು, ಆಮೇಲೆ ಒಪ್ಪಿಗೆ ಕೊಡಿ. ಯಾವ ವಯಸ್ಸಿನವರಿಗೆ, ಯಾವ ದಿನ ಅಂತ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಲಸಿಕೆ ಆದವರೂ ಮೂವತ್ತಾದ ಮೇಲೆ ಪರೀಕ್ಷೆ ಬಿಡುವಂತಿಲ್ಲ.

ಇನ್ನು ಕೆಲಸದ ಮಾತು. ನಾವು ಒಂದು ಬದಲಾವಣೆ ತಂದಿದ್ದೇವೆ, ನಿಮ್ಮ ಒಪ್ಪಿಗೆ ಬೇಕು. ಇನ್ನು ಮೇಲೆ ಪುಸ್ತಕ ತಪಾಸಣೆಗೆ ಬಂದಾಗ ಸಾಲದ ಪುಟದಲ್ಲಿ ಒಬ್ಬರ ಹೆಸರಲ್ಲಿ "ಆರೋಗ್ಯಕ್ಕೆ" ಅಂತ ಎರಡು ಸಲ ಕಂಡರೆ ನಾವು ಪೆನ್ನು ಕೆಳಗಿಟ್ಟು ಆ ಮನೆಗೆ ಹೋಗುತ್ತೇವೆ. ನಾವು ಬರೋದು ಆರು ತಿಂಗಳಿಗೊಮ್ಮೆ. ಅಲ್ಲಿವರೆಗೆ ಆ ಕೆಲಸ ಪ್ರತಿನಿಧಿಗಳದ್ದು. ಎರಡನೇ ಸಾಲ ಕೊಡುವ ಮೊದಲು ಪಕ್ಕಕ್ಕೆ ಕರೆದು ಕೇಳಿ, ಎಲ್ಲರ ಮುಂದೆ ಬೇಡ. ಸಭೆಯಲ್ಲಿ ದೂರ ಕೂರುವವರನ್ನೂ ಗಮನಿಸಿ.

ಸದಸ್ಯರ ಪಟ್ಟಿಯ ಕೊನೆಯಲ್ಲಿ ಒಂದು ಗೆರೆ ಎಳೆದು "ಪರೀಕ್ಷೆ ಆದ ವರ್ಷ" ಅಂತ ಬರೆಯಿರಿ. ಫಲಿತಾಂಶ ಬರೆಯಬೇಡಿ, ಅದು ಅವರವರ ಗುಟ್ಟು. ವರ್ಷ ಮಾತ್ರ ಸಾಕು. ಹೋಗುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ ಯಾವ ದಿನ ಪರೀಕ್ಷೆ ಇದೆ, ನೋಡುವವರು ಹೆಂಗಸರಾ ಅಂತ ಖಚಿತ ಮಾಡಿಕೊಳ್ಳಿ. ಕೂಲಿ ಬಿಟ್ಟು ಹತ್ತು ಜನ ಹೋಗಿ ಬರಿಗೈಯಲ್ಲಿ ಬಂದರೆ ಮತ್ತೆ ಯಾರೂ ಬರೋದಿಲ್ಲ. ಬಸ್ಸು ಇಲ್ಲದ ಹಟ್ಟಿಗಳಿಗೆ ಟೆಂಪೋ ಬಾಡಿಗೆಯನ್ನು ಒಕ್ಕೂಟದ ನಿಧಿಯಿಂದ ಕೊಡೋಣ ಅಂತ ಅಧ್ಯಕ್ಷೆಯವರು ಹೇಳಿದ್ದಾರೆ. ಅದನ್ನು ಈಗಲೇ ನಡಾವಳಿ ಪುಸ್ತಕದಲ್ಲಿ ಬರೆಯಿಸಿ ಸಹಿ ಮಾಡಿ.

ಮೊದಲ ತಂಡದಲ್ಲಿ ಹೋಗುವವರು ಹೆಸರು ಕೊಡಿ. ಬಾಗಿಲು ಇನ್ನೂ ತೆಗೆದಿಲ್ಲ, ಗುಟ್ಟಾಗಿ ಕೇಳುವುದಿದ್ದರೆ ಈ ಮೂಲೆಗೆ ಬನ್ನಿ, ನಾವು ಇಲ್ಲೇ ಕೂತಿರುತ್ತೇವೆ.